ಶೇಷದ ಋಣ

ಸಂಖ್ಯೆಯನ್ನು ಸಮೀಪದ ಹತ್ತಕ್ಕೋ ನೂರಕ್ಕೋ ತಂದು ಹೇಳುವುದು, ದಶಮಾಂಶ ಬಿಂದುವಿನ ಮುಂದೆ ಬೇಕಾದಷ್ಟು ಸ್ಥಾನಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕುದನ್ನು ಬಿಡುವುದು, ಇವು ಕೆಳಗಿನ ತರಗತಿಯ ಹುಡುಗರ ಪಾಠವೆಂದು ನಾವೆಲ್ಲ ಭಾವಿಸಿದ್ದೇವೆ. ಬಿಡಬೇಕಾದ ಅಂಕಿ ಐದಕ್ಕಿಂತ ಕಡಿಮೆಯಾದರೆ ಸುಮ್ಮನೆ ಬಿಡು, ಐದು ಅಥವಾ ಅದಕ್ಕೆ ಮೇಲ್ಪಟ್ಟರೆ ಹಿಂದಿನ ಸ್ಥಾನಕ್ಕೆ ಒಂದನ್ನು ಕೂಡಿಸು ಎಂಬಷ್ಟೇ ಅದರ ಸೂತ್ರ. ಇಷ್ಟು ಸಣ್ಣ ಲೆಕ್ಕದಲ್ಲಿ ನೀತಿಯ ವಿಚಾರಕ್ಕೆ ಎಡೆ ಎಲ್ಲಿಯದು ಎಂದು ಓದುಗರು ಕೇಳಬಹುದು. ಆದರೆ ಉಮರಗಾ, ನಿಲಂಗಾ, ಉದಗೀರಗಳಂಥ ಗಡಿಸೀಮೆಯಲ್ಲಿ ಬಾಳುವ ಕನ್ನಡಿಗರಾದ ನಮಗೆ ಈ ಸೂತ್ರ ಕಪ್ಪುಹಲಗೆಯ ಮೇಲೆ ಮಾತ್ರ ಉಳಿದಿಲ್ಲ. ಅದು ನಮ್ಮ ನಾಣ್ಯದಲ್ಲಿ, ಹೊಲದ ಅಳತೆಯಲ್ಲಿ, ಮನೆಮಾತಿನಲ್ಲಿ, ನಾವು ಯಾವ ರಾಜ್ಯದವರೆಂಬ ತೀರ್ಮಾನದಲ್ಲಿ, ಕಡೆಗೆ ನಮ್ಮ ಸೀಮೆಯ ಸತ್ತವರ ಎಣಿಕೆಯಲ್ಲಿಯೂ ಕೈಹಾಕಿದೆ. ಆದುದರಿಂದ ಲೆಕ್ಕದ ಪುಸ್ತಕ ಕೇಳದ ಒಂದು ಪ್ರಶ್ನೆಯನ್ನು ನಾವು ಕೇಳಲೇಬೇಕಾಗಿದೆ: ಬಿಟ್ಟ ಅಂಕಿ ಯಾರದು?

ಮೊದಲಿಗೇ ಒಂದು ಮಾತನ್ನು ಒಪ್ಪಿಕೊಂಡು ಮುಂದುವರಿಯುವುದು ಒಳ್ಳೆಯದು. ಅಂದಾಜಿಲ್ಲದೆ ಬಾಳು ಸಾಗದು. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ಹತ್ತಾರು, ನೂರಾರು, ನಾಲ್ಕೆಂಟು ದಿನ, ಹತ್ತಿಪ್ಪತ್ತು ಮಂದಿ ಎಂದು ಕನ್ನಡಿಗರು ಆಡುವಾಗ ಯಾರೂ ಅದನ್ನು ಸುಳ್ಳೆನ್ನುವುದಿಲ್ಲ. ನಮ್ಮ ಶಾಸನಗಳು ಬನವಾಸಿಯನ್ನು ಹನ್ನೆರಡು ಸಾವಿರವೆಂದೂ, ಬೆಳ್ವೊಲವನ್ನು ಮುನ್ನೂರೆಂದೂ, ಗಂಗವಾಡಿಯನ್ನು ತೊಂಬತ್ತಾರು ಸಾವಿರವೆಂದೂ ಕರೆದುವು. ಒಂದು ನಾಡಿನ ಗಾತ್ರ ಇಷ್ಟು ನಯವಾದ ಅಂಕಿಯಲ್ಲಿ ಬಂದು ನಿಲ್ಲುವುದು ಸಾಧ್ಯವಿಲ್ಲವೆಂಬುದು ಕೆತ್ತಿದವನಿಗೂ ತಿಳಿದಿತ್ತು, ಓದಿದವನಿಗೂ ತಿಳಿದಿತ್ತು. ಇಬ್ಬರಿಗೂ ತಿಳಿದಿರುವ ಅಂದಾಜಿನಲ್ಲಿ ಮೋಸವಿಲ್ಲ.

ನಮ್ಮ ಪ್ರಾಚೀನ ಗಣಿತಜ್ಞರು ಈ ವಿವೇಕವನ್ನು ಬಹಳ ಸ್ಪಷ್ಟವಾಗಿ ಕಂಡಿದ್ದರು. 499ರಲ್ಲಿ ಆರ್ಯಭಟನು ಇಪ್ಪತ್ತು ಸಾವಿರ ವ್ಯಾಸವುಳ್ಳ ವೃತ್ತದ ಪರಿಧಿ 62,832 ಎಂದು ಹೇಳಿ, ಅದಕ್ಕೆ ‘ಆಸನ್ನ’ ಎಂಬ ವಿಶೇಷಣವನ್ನು ಸೇರಿಸಿದನು. ಆಸನ್ನವೆಂದರೆ ಹತ್ತಿರದ್ದು, ಅದೇ ಅಲ್ಲ. ನಮ್ಮ ಸೀಮೆಗೆ ದೂರವಲ್ಲದ ಮಳಖೇಡದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯನು ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಕ್ಷೇತ್ರಗಣಿತದಲ್ಲಿ ಆತನು ಎರಡು ಬಗೆಯ ಉತ್ತರಗಳನ್ನು ಕೊಡುತ್ತಾನೆ: ಒಂದು ವ್ಯಾವಹಾರಿಕ, ಮತ್ತೊಂದು ಸೂಕ್ಷ್ಮ. ವೃತ್ತದ ಪರಿಧಿ ವ್ಯಾಸದ ಮೂರರಷ್ಟು ಎಂಬುದು ವ್ಯಾವಹಾರಿಕ. ಹತ್ತರ ವರ್ಗಮೂಲದಷ್ಟು ಎಂಬುದು ಸೂಕ್ಷ್ಮ. ಆ ಸೂಕ್ಷ್ಮವೂ ಅಂತಿಮ ಸತ್ಯವಲ್ಲವೆಂದು ಇಂದು ನಾವು ಬಲ್ಲೆವು. ಆದರೆ ಇಲ್ಲಿ ಮುಖ್ಯವಾದುದು ಉತ್ತರವಲ್ಲ, ಪ್ರಾಮಾಣಿಕತೆ. ಬಾವಿಯ ಕಟ್ಟೆ ಕಟ್ಟುವವನಿಗೆ ಮೂರು ಸಾಕು. ಸಾಕೆಂದು ಕೊಡು, ಆದರೆ ಅದಕ್ಕೆ ವ್ಯಾವಹಾರಿಕವೆಂದು ಹೆಸರಿಡು. ಸೂಕ್ಷ್ಮವನ್ನು ಪಕ್ಕದಲ್ಲಿಯೇ ಬರೆದಿಡು. ಅಂದಾಜಿಗೆ ಅಂದಾಜೆಂಬ ಹೆಸರು ಉಳಿದಿರುವವರೆಗೆ ಅದು ಸತ್ಯದ ನೆರೆಯಲ್ಲಿಯೇ ಇರುತ್ತದೆ. ಆ ಹೆಸರು ಅಳಿಸಿದ ದಿನ ಅದು ಸತ್ಯದ ಗದ್ದುಗೆಯನ್ನೇ ಏರಿ ಕುಳಿತುಕೊಳ್ಳುತ್ತದೆ. ಇದು ನಮಗೆ ದೊರೆಯುವ ಮೊದಲನೆಯ ನಿಯಮ.

ಇನ್ನು ನಾಣ್ಯದ ವಿಚಾರಕ್ಕೆ ಬರೋಣ. ನಮ್ಮ ಮೂರು ತಾಲೂಕುಗಳೂ ಹೈದರಾಬಾದ್ ಸಂಸ್ಥಾನದಲ್ಲಿದ್ದುವು. ಅಲ್ಲಿ ಹಾಲಿ ಸಿಕ್ಕಾ ನಾಣ್ಯವಿತ್ತು. ಅದರ ಏಳು ರೂಪಾಯಿಗೆ ಭಾರತ ಸರಕಾರದ ಆರು ರೂಪಾಯಿ ಸಮ. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿದ ಬಳಿಕವೂ ಕೆಲವು ಕಾಲ ಎರಡು ನಾಣ್ಯಗಳೂ ಜೊತೆಜೊತೆಯಾಗಿ ಓಡಾಡಿದುವು. ಈಗ ಏಳರ ಭಾಗಾಕಾರದ ಸ್ವಭಾವವನ್ನು ನೋಡಿರಿ. ಒಂದು ಸಿಕ್ಕಾ ರೂಪಾಯಿಗೆ ಬರುವುದು ಹದಿಮೂರಾಣೆ ಎಂಟು ಪೈ, ಮತ್ತೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನ ಪೈ. ದಶಮಾಂಶದಲ್ಲಿ ಬರೆದರೆ 0.857142 ಆಗಿ, ಅದೇ ಆರು ಅಂಕಿಗಳು ಮತ್ತೆ ಮತ್ತೆ ತಿರುಗಿ ಬರುತ್ತವೆ, ಎಂದೆಂದಿಗೂ ಮುಗಿಯುವುದಿಲ್ಲ. ದಿನಗೂಲಿಯವನ ಅಂಗೈಯಲ್ಲಿ ಮುಗಿಯದ ಭಿನ್ನರಾಶಿಯನ್ನು ಇಡುವುದು ಹೇಗೆ? ಎಲ್ಲಿಯೋ ಒಂದು ಕಡೆ ಕಡಿಯಲೇಬೇಕು. ಕಡಿದ ತುಣುಕು ಕೊಡುವವನ ಕಡೆಗೆ ಬಿತ್ತೋ ಪಡೆಯುವವನ ಕಡೆಗೆ ಬಿತ್ತೋ ಎಂಬುದನ್ನು ಗಣಿತವು ಹೇಳಲಾರದು. ಅದನ್ನು ಹೇಳುವುದು ಕೊಡುವವನ ಮನಸ್ಸು.

ಇದಕ್ಕೆ ಹೋಲಿಸಿದರೆ 1957ರ ಏಪ್ರಿಲ್ 1ರಂದು ಬಂದ ದಶಮಾಂಶ ನಾಣ್ಯಪದ್ಧತಿ ಹೆಚ್ಚು ನೇರವಾಗಿತ್ತು. ರೂಪಾಯಿಗೆ ಹದಿನಾರಾಣೆಯ ಬದಲು ನೂರು ನಯೆ ಪೈಸೆಗಳಾದುವು. ಲೆಕ್ಕದಂತೆ ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲವಾದುದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಕೋಷ್ಟಕವನ್ನು ಪ್ರಕಟಿಸಿದರು. ಒಂದಾಣೆಯ ಸರಕನ್ನು ಹದಿನಾರು ಸಲ ಬಿಡಿಬಿಡಿಯಾಗಿ ಕೊಂಡವನು ರೂಪಾಯಿಯ ಬದಲು 96 ಪೈಸೆ ತೆತ್ತನು. ನಾಲ್ಕು ಪೈಸೆ ಅವನಿಗೆ ಉಳಿಯಿತು. ಮೂರಾಣೆಯ ಸರಕನ್ನು ಹದಿನಾರು ಸಲ ಕೊಂಡವನು ಮೂರು ರೂಪಾಯಿಯ ಬದಲು ಮೂರು ರೂಪಾಯಿ ನಾಲ್ಕು ಪೈಸೆ ತೆತ್ತನು; ಅಷ್ಟು ಅವನಿಗೆ ನಷ್ಟವಾಯಿತು. ಲಾಭನಷ್ಟಗಳು ಇದ್ದೇ ಇದ್ದುವು. ಆದರೂ ಇದನ್ನು ಅನ್ಯಾಯವೆನ್ನಲಾಗದು. ಏಕೆಂದರೆ ನಿಯಮವನ್ನು ಮೊದಲೇ ಸಾರಿ ಹೇಳಿದ್ದರು. ಅದು ಧನಿಕನಿಗೂ ಬಡವನಿಗೂ ಒಂದೇ ಆಗಿತ್ತು. ಆಯಾ ಅಂಗಡಿಯ ಮೇಟಿಯಲ್ಲಿ, ಗಿರಾಕಿಯ ಮುಖ ನೋಡಿ ಅದನ್ನು ಹೂಡಿದ್ದಲ್ಲ. ಇದು ಎರಡನೆಯ ನಿಯಮ: ಶೇಷ ಯಾವ ಕಡೆಗೆ ಹೋಗಬೇಕೆಂಬುದನ್ನು ಅದರಿಂದ ಲಾಭ ಪಡೆಯುವವನು ಆಯಾ ಗಳಿಗೆಯಲ್ಲಿ ತೀರ್ಮಾನಿಸಬಾರದು.

ಸರಿಯಾಗಿ ಅರ್ಧ ಬಂದಾಗ ಏನು ಮಾಡಬೇಕೆಂಬುದು ಈ ವಿಚಾರದ ಅತಿ ಸೂಕ್ಷ್ಮವಾದ ಗಂಟು. ಶಾಲೆಯ ಸೂತ್ರದಂತೆ ಅರ್ಧವನ್ನು ಯಾವಾಗಲೂ ಮೇಲಕ್ಕೇ ಏರಿಸುತ್ತೇವೆ. ಅರೆ, ಒಂದೂವರೆ, ಎರಡೂವರೆ, ಮೂರೂವರೆ ಈ ನಾಲ್ಕನ್ನು ಕೂಡಿಸಿದರೆ ಎಂಟು. ಪ್ರತಿಯೊಂದನ್ನೂ ಮೇಲಕ್ಕೇರಿಸಿ ಕೂಡಿಸಿದರೆ ಒಂದು, ಎರಡು, ಮೂರು, ನಾಲ್ಕು, ಒಟ್ಟು ಹತ್ತು. ಒಂದೊಂದರಲ್ಲಿ ಕಾಣದ ಪಕ್ಷಪಾತ ಒಟ್ಟಿನಲ್ಲಿ ಎದ್ದು ಕಾಣುತ್ತದೆ. ಇದನ್ನು ತಡೆಯಲು ಭಾರತೀಯ ಮಾನಕ ಸಂಸ್ಥೆಯು 1960ರಲ್ಲಿ ಪರಿಷ್ಕರಿಸಿದ ತನ್ನ ಎರಡನೆಯ ಸಂಖ್ಯೆಯ ಮಾನಕದಲ್ಲಿ, ಸರಿಯಾಗಿ ಅರ್ಧ ಬಂದಾಗ ಸಮೀಪದ ಸಮಸಂಖ್ಯೆಗೆ ತರಬೇಕೆಂದು ವಿಧಿಸಿತು. ಆಗ ಅರೆ ಸೊನ್ನೆಯಾಗುತ್ತದೆ, ಒಂದೂವರೆ ಎರಡಾಗುತ್ತದೆ, ಎರಡೂವರೆಯೂ ಎರಡೇ, ಮೂರೂವರೆ ನಾಲ್ಕು, ಒಟ್ಟು ಎಂಟೇ. ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ. ಸಂದೇಹದ ಲಾಭ ಯಾವಾಗಲೂ ಒಂದೇ ಕಡೆಗೆ ಹೋಗುತ್ತಿದ್ದರೆ ಅದು ಸಂದೇಹವಲ್ಲ, ಪದ್ಧತಿ ಎಂಬುದನ್ನು ಈ ಒಣ ವಿಧಿ ನಮಗೆ ಕಲಿಸುತ್ತದೆ.

ಭೂಮಿಯ ವಿಷಯವು ನಮಗೆ ಇನ್ನೂ ಹತ್ತಿರದ್ದು. ಗಡಿಯ ಈಚೆಗೆ ಮಹಾರಾಷ್ಟ್ರದ ಸಾತ್‌ಬಾರಾ ಉತಾರೆಯಲ್ಲಿ ಹೊಲದ ಅಳತೆ ಹೆಕ್ಟೇರ್ ಮತ್ತು ಆರ್‌ಗಳಲ್ಲಿರುತ್ತದೆ. ಆಚೆಗೆ ಕರ್ನಾಟಕದ ಪಹಣಿಯಲ್ಲಿ ಎಕರೆ ಗುಂಟೆಗಳಲ್ಲಿರುತ್ತದೆ. ವ್ಯವಹಾರದ ಮಾತಿನಲ್ಲಿ ಜನ ಒಂದು ಗುಂಟೆಯೆಂದರೆ ಒಂದು ಆರ್ ಎಂದುಬಿಡುತ್ತಾರೆ. ಆದರೆ ಆರ್ ಎಂದರೆ ನೂರು ಚದರ ಮೀಟರು. ಗುಂಟೆ ಎಂದರೆ ನೂರಾ ಒಂದಕ್ಕಿಂತ ತುಸು ಹೆಚ್ಚು. ಒಂದು ಗುಂಟೆಯಲ್ಲಿ ಈ ಅಂತರ ಒಂದು ಚಾಪೆ ಹಾಸುವಷ್ಟೂ ಇಲ್ಲ. ಒಂದು ಎಕರೆಯಲ್ಲಿ ಅದು 46 ಚದರ ಮೀಟರನ್ನು ಮೀರುತ್ತದೆ. ಐದೆಕರೆಯಲ್ಲಿ ಎರಡು ಗುಂಟೆಗೂ ಮಿಕ್ಕುತ್ತದೆ. ಎರಡು ಗುಂಟೆಯ ಬದುವಿಗಾಗಿ ತಲೆಮಾರುಗಟ್ಟಲೆ ಕಚೇರಿ ಅಲೆದ ಮನೆಗಳು ನಮ್ಮ ನಡುವೆ ಇಲ್ಲವೆ?

ಪಾಲಿನ ಲೆಕ್ಕವನ್ನೂ ನೋಡೋಣ. ಮೂವರು ಅಣ್ಣತಮ್ಮಂದಿರು ಒಂದು ಎಕರೆಯನ್ನು ಹಂಚಿಕೊಳ್ಳಬೇಕು. ನಲವತ್ತು ಗುಂಟೆಯಲ್ಲಿ ತಲಾ ಹದಿಮೂರು. ಒಂದು ಗುಂಟೆ ಉಳಿಯಿತು. ಗುಂಟೆಗೆ ಹದಿನಾರಾಣೆ, ತಲಾ ಐದಾಣೆ, ಒಂದಾಣೆ ಉಳಿಯಿತು. ಒಂದಾಣೆ ನೆಲವೆಂದರೆ ಒಂದು ಹಸುವನ್ನು ಕಟ್ಟುವಷ್ಟು ಜಾಗ. ಅದನ್ನು ಮತ್ತೆ ಮೂರು ಮಾಡಹೊರಟರೆ ಹಸುವೂ ಉಳಿಯದು, ಗೂಟವೂ ಉಳಿಯದು. ಲೆಕ್ಕ ಇಲ್ಲಿಗೆ ಕೈಚೆಲ್ಲುತ್ತದೆ. ಇಲ್ಲಿಂದ ಮುಂದೆ ಇರುವುದು ಎರಡೇ ದಾರಿ: ಒಬ್ಬನು ಕಸಿದುಕೊಳ್ಳುವುದು ಅಥವಾ ಇಬ್ಬರು ಬಿಟ್ಟುಕೊಡುವುದು. ಎರಡು ದಾರಿಗಳಲ್ಲಿಯೂ ಕಾಗದದ ಮೇಲಿನ ಅಂಕಿ ಒಂದೇ ಆಗಿರುತ್ತದೆ. ಆದರೆ ಒಂದು ಮನೆ ಒಡೆಯುತ್ತದೆ, ಇನ್ನೊಂದು ಮನೆ ಉಳಿಯುತ್ತದೆ. ಶೇಷವನ್ನು ಪಡೆದವನು ಅದನ್ನು ತನ್ನ ಹಕ್ಕೆಂದು ತಿಳಿಯದೆ ಋಣವೆಂದು ತಿಳಿದಿದ್ದರೆ ಆ ಒಂದಾಣೆ ನೆಲ ಮೂವರದೂ ಆಗಿಯೇ ಉಳಿದಂತೆ.

ಈಗ ನಾವು ಮುಟ್ಟಲು ಅಂಜುವ ವಿಷಯಕ್ಕೆ ಬಂದೆವು. 1953ರ ಡಿಸೆಂಬರಿನಲ್ಲಿ ನೇಮಕವಾದ ರಾಜ್ಯ ಪುನರ್‌ವಿಂಗಡಣಾ ಆಯೋಗವು 1955ರ ಸೆಪ್ಟೆಂಬರ್ 30ರಂದು ತನ್ನ ವರದಿಯನ್ನು ಒಪ್ಪಿಸಿತು. ಬೀದರ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಬೆರೆತಿದ್ದುವು. ಆಯೋಗವು ಆ ಜಿಲ್ಲೆಯನ್ನು ಇಡಿಯಾಗಿ ಉಳಿಕೆಯ ಹೈದರಾಬಾದ್ ರಾಜ್ಯದಲ್ಲಿ ಇಡಬೇಕೆಂದು ಸಲಹೆ ಮಾಡಿತು. ಆದರೆ 1956ರ ಕಾಯಿದೆಯಲ್ಲಿ ಜಿಲ್ಲೆಯನ್ನು ಬಿಡಿಸಿದರು: ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದುವು, ಬೀದರ, ಭಾಲ್ಕಿ, ಹುಮನಾಬಾದ ಮೊದಲಾದುವು ಮೈಸೂರಿಗೆ ಬಂದುವು, ಕೆಲವು ಭಾಗ ಆಂಧ್ರಕ್ಕೆ ಸೇರಿತು. ಉಮರಗಾ ತಾಲೂಕು ಉಸ್ಮಾನಾಬಾದ್ ಜಿಲ್ಲೆಯೊಡನೆ ಮುಂಬಯಿಗೆ ಹೋಯಿತು. 1960ರ ಮೇ 1ರಂದು ಇವೆಲ್ಲ ಮಹಾರಾಷ್ಟ್ರದಲ್ಲಿ ನೆಲೆಗೊಂಡುವು. 1982ರಲ್ಲಿ ಲಾತೂರ ಜಿಲ್ಲೆಯಾದಾಗ ನಿಲಂಗಾ, ಉದಗೀರಗಳು ಅದರೊಳಗೆ ಬಂದುವು. ಉಸ್ಮಾನಾಬಾದಿಗೆ ಈಗ ಧಾರಾಶಿವವೆಂದು ಹೆಸರು.

ಇದನ್ನು ಹಿಡಿದು ಹಳೆಯ ಮೊಕದ್ದಮೆಯನ್ನು ಮತ್ತೆ ಹೂಡುವುದು ನಮ್ಮ ಉದ್ದೇಶವಲ್ಲ. ನಮ್ಮ ಗಮನವಿರುವುದು ಅದರ ಹಿಂದಿರುವ ಗಣಿತದ ಕಡೆಗೆ. ಸಂಖ್ಯೆಯನ್ನು ಹತ್ತರ ಸ್ಥಾನಕ್ಕೆ ತರಬೇಕೋ ನೂರರ ಸ್ಥಾನಕ್ಕೋ ಸಾವಿರದ ಸ್ಥಾನಕ್ಕೋ ಎಂದು ಮೊದಲು ನಿರ್ಧರಿಸುತ್ತೇವಲ್ಲ, ಅದೇ ರೀತಿ ನಾಡನ್ನು ವಿಂಗಡಿಸುವಾಗ ಜಿಲ್ಲೆಯನ್ನು ಘಟಕವಾಗಿ ಹಿಡಿಯಬೇಕೋ ತಾಲೂಕನ್ನೋ ಹಳ್ಳಿಯನ್ನೋ ಎಂದು ಮೊದಲು ನಿರ್ಧರಿಸಬೇಕಾಗುತ್ತದೆ. ಜಿಲ್ಲೆಯನ್ನು ಹಿಡಿದರೆ ಒಂದು ಉತ್ತರ, ತಾಲೂಕನ್ನು ಹಿಡಿದರೆ ಬೇರೊಂದು ಉತ್ತರ. ಆಂಧ್ರ ಮದರಾಸುಗಳ ಗಡಿಯನ್ನು ತಿದ್ದುವಾಗ ಹಳ್ಳಿಯನ್ನೇ ಘಟಕವಾಗಿ ಹಿಡಿದರು. ಹಳ್ಳಿಯನ್ನು ಹಿಡಿದ ಮಾತ್ರಕ್ಕೆ ಶೇಷ ಇಲ್ಲವಾಯಿತೆ? ಹಳ್ಳಿಯಲ್ಲಿ ಓಣಿಗಳಿವೆ, ಓಣಿಯಲ್ಲಿ ಮನೆಗಳಿವೆ. ಉದಗೀರ, ನಿಲಂಗಾಗಳ ಜೊತೆಗೆ ಕನ್ನಡದ ಮನೆಗಳು ಮಹಾರಾಷ್ಟ್ರಕ್ಕೆ ಬಂದಂತೆಯೇ ಔರಾದ, ಭಾಲ್ಕಿಗಳ ಜೊತೆಗೆ ಮರಾಠಿಯ ಮನೆಗಳು ಮೈಸೂರಿಗೆ ಹೋದುವು. ನಾವು ಈ ಕಡೆಯ ಶೇಷ, ಅವರು ಆ ಕಡೆಯ ಶೇಷ. ನಮ್ಮ ದುಃಖವನ್ನು ಹೇಳಿಕೊಳ್ಳುವಾಗ ಅವರನ್ನು ಮರೆತರೆ ನಾವೂ ಬೇರೆಯವರನ್ನು ಬಿಡುವ ಅಂಕಿಯಾಗಿ ಎಣಿಸಿದಂತಾಗುತ್ತದೆ.

ಇನ್ನೂ ಒಳಕ್ಕೆ ಹೋಗೋಣ. ಮನೆಯನ್ನು ದಾಟಿದರೆ ಉಳಿಯುವುದು ಮನುಷ್ಯ. ಅವನಾದರೂ ಪೂರ್ಣಾಂಕವೆ? ಅಡಿಗೆಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬಜಾರಿನಲ್ಲಿ ದಖನಿ, ಹೀಗೆ ಒಂದೇ ನಾಲಿಗೆಯ ಮೇಲೆ ಮೂರು ಭಾಷೆಗಳನ್ನು ಹೊತ್ತವರು ನಮ್ಮಲ್ಲಿ ಎಷ್ಟೋ ಮಂದಿ. ಜನಗಣತಿಯ ಪಟ್ಟಿಯಲ್ಲಿ ಮಾತೃಭಾಷೆಗೆ ಇರುವುದು ಒಂದೇ ಮನೆ. ಬಲ್ಲ ಬೇರೆ ಭಾಷೆಗಳಿಗೆ ಬೇರೆ ಅಂಕಣವಿದ್ದರೂ ರಾಜ್ಯಗಳ ವಾದಗಳಲ್ಲಿ ತೂಗುವುದು ಆ ಒಂದೇ ಮನೆ. ತಾಯಿ ಕನ್ನಡದವಳು, ತಂದೆ ಮರಾಠಿಯವನು ಎಂಬ ಮಗು ಅಲ್ಲಿ ಅರ್ಧವಾಗಿ ನಿಲ್ಲುವಂತಿಲ್ಲ. ಅದು ಒಂದಾಗಬೇಕು ಅಥವಾ ಸೊನ್ನೆಯಾಗಬೇಕು. ಅಲ್ಲಿಂದ ಮೇಲಕ್ಕೆ ಹಳ್ಳಿ, ತಾಲೂಕು, ಜಿಲ್ಲೆ ಎಂದು ಮೆಟ್ಟಲು ಮೆಟ್ಟಲಾಗಿ ಅಂದಾಜಿನ ಮೇಲೆ ಅಂದಾಜು ಏರುತ್ತದೆ.

ಹೀಗೆ ಮೆಟ್ಟಲುಮೆಟ್ಟಲಾಗಿ ಸರಿಮಾಡುವುದರಲ್ಲಿ ಇರುವ ಅಪಾಯವನ್ನು ಗಣಿತವೇ ತೋರಿಸುತ್ತದೆ. 4.446 ಎಂಬ ಸಂಖ್ಯೆಯನ್ನು ನೇರವಾಗಿ ಪೂರ್ಣಾಂಕಕ್ಕೆ ತಂದರೆ ನಾಲ್ಕು. ಅದನ್ನೇ ಮೊದಲು ಎರಡು ದಶಮಾಂಶಕ್ಕೆ ತಂದು 4.45 ಮಾಡಿ, ಆಮೇಲೆ ಒಂದು ದಶಮಾಂಶಕ್ಕೆ ತಂದು 4.5 ಮಾಡಿ, ಕಡೆಗೆ ಪೂರ್ಣಾಂಕಕ್ಕೆ ತಂದರೆ ಐದು. ಒಂದೊಂದು ಹೆಜ್ಜೆಯೂ ನಿಯಮಬದ್ಧ. ಆದರೆ ಕೊನೆಯ ಉತ್ತರ ತಪ್ಪು. ಕೆನಡಾದ ವ್ಯಾಂಕೂವರ್ ನಗರದ ಷೇರುಪೇಟೆಯಲ್ಲಿ 1982ರ ಜನವರಿಯಲ್ಲಿ 1000ದಿಂದ ಆರಂಭಿಸಿದ ಒಂದು ಸೂಚ್ಯಂಕವನ್ನು ಪ್ರತಿ ವ್ಯವಹಾರದ ನಂತರವೂ ಲೆಕ್ಕ ಮಾಡಿ ಮೂರನೆಯ ದಶಮಾಂಶದ ಮುಂದಿನದನ್ನು ಕತ್ತರಿಸಿಬಿಡುತ್ತಿದ್ದರು. 1983ರ ನವೆಂಬರಿನ ಹೊತ್ತಿಗೆ ಅದು 520ರ ಆಸುಪಾಸಿಗೆ ಇಳಿದಿತ್ತು. ಶೇಷಗಳನ್ನೆಲ್ಲ ಸೇರಿಸಿ ನೋಡಿದಾಗ ನಿಜವಾದ ಬೆಲೆ 1098ಕ್ಕೂ ಮೇಲಿತ್ತು. ಸಾವಿರದ ಒಂದು ಭಾಗಕ್ಕೂ ಕಡಿಮೆಯಾದ ತುಣುಕುಗಳು ಕೂಡಿ ಅರ್ಧ ಮನೆಯನ್ನೇ ನುಂಗಿದ್ದುವು. ಸಣ್ಣದೆಂದು ಬಿಟ್ಟುದು ಸಣ್ಣದಾಗಿಯೇ ಉಳಿಯುವುದೆಂಬ ಭರವಸೆ ಯಾರಿಗೂ ಇಲ್ಲ. ಆದುದರಿಂದ ಮೂರನೆಯ ನಿಯಮ: ಸರಿಮಾಡುವುದಿದ್ದರೆ ಒಂದೇ ಸಲ, ಕೊನೆಯಲ್ಲಿ ಮಾಡಬೇಕು, ಮೂಲದ ಅಂಕಿಯನ್ನು ಎಸೆಯಬಾರದು.

ಗಡಿಯ ಜನಕ್ಕೆ ಇನ್ನೊಂದು ಕಷ್ಟವುಂಟು. ಅದು ಹೊಸ್ತಿಲಿನ ಕಷ್ಟ. ಜಿಲ್ಲೆಯೊಂದರಲ್ಲಿ ಅಲ್ಪಸಂಖ್ಯಾತ ಭಾಷೆಯವರು ನೂರಕ್ಕೆ ಎಪ್ಪತ್ತರಷ್ಟು ಇದ್ದರೆ ಆ ಭಾಷೆಯೇ ಅಲ್ಲಿ ಆಡಳಿತಭಾಷೆಯಾಗಬೇಕೆಂದು ಆಯೋಗವು ಹೇಳಿತು. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಒಪ್ಪಿದ ಸೂತ್ರದಂತೆ ಶಾಲೆಯಲ್ಲಿ ನಲವತ್ತು ಅಥವಾ ತರಗತಿಯಲ್ಲಿ ಹತ್ತು ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಪ್ರಾಥಮಿಕ ಬೋಧನೆಯ ಏರ್ಪಾಡು ಮಾಡಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಯಾವ ಅಂಕಿಯನ್ನೂ ಹೇಳದೆ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಕಲ್ಪಿಸಲು ಯತ್ನಿಸಬೇಕೆಂದು ವಿಧಿಸಿತು. ಜನಗಣತಿಯಲ್ಲಿಯೂ 1971ರಿಂದೀಚೆಗೆ ದೇಶದಲ್ಲಿ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳು ಹೆಸರು ಕಳೆದುಕೊಂಡು ‘ಇತರ’ದಲ್ಲಿ ಸೇರಿಹೋಗುತ್ತವೆ. ನಮ್ಮ ತಾಂಡಾಗಳಲ್ಲಿ ಕಿವಿಗೆ ಬೀಳುವ ಲಮಾಣಿ ಮಾತು ಅಲ್ಲಿ ಹಿಂದಿಯ ಗುಂಪಿಗೆ ಸೇರುತ್ತದೆ. ಹಾಗೆಯೇ ನೀಲಗಿರಿಯ ಬಡಗ ನುಡಿಯನ್ನು ಕನ್ನಡದ ಗುಂಪಿನಲ್ಲಿ ಎಣಿಸುತ್ತಾರೆ. ಆ ಹೆಚ್ಚಳವನ್ನು ನಾವು ಬೇಡವೆಂದದ್ದಿಲ್ಲ.

ಹೊಸ್ತಿಲೆಂಬುದು ಬೇಕೇಬೇಕು; ಇಲ್ಲವಾದರೆ ಒಬ್ಬ ಹುಡುಗನಿಗೊಬ್ಬ ಮಾಸ್ತರನನ್ನು ನೇಮಿಸಬೇಕಾದೀತು. ಆದರೆ ಹೊಸ್ತಿಲಿನ ಬಳಿ ಅಂದಾಜಿಗೆ ಎಡೆಯಿಲ್ಲ. 1992ರ ಏಪ್ರಿಲ್ 5ರಂದು ಜರ್ಮನಿಯ ಶ್ಲೆಸ್ವಿಗ್ ಹೋಲ್‌ಸ್ಟೈನ್ ರಾಜ್ಯದಲ್ಲಿ ಚುನಾವಣೆ ನಡೆಯಿತು. ನೂರಕ್ಕೆ ಐದು ಮತಗಳಿಲ್ಲದ ಪಕ್ಷಕ್ಕೆ ಅಲ್ಲಿ ಸಾಮಾನ್ಯವಾಗಿ ಸ್ಥಾನವಿಲ್ಲ. ಹಸಿರು ಪಕ್ಷಕ್ಕೆ ಬಂದದ್ದು 4.97. ಲೆಕ್ಕದ ಯಂತ್ರವು ಒಂದೇ ದಶಮಾಂಶಕ್ಕೆ ತಂದು 5.0 ಎಂದು ಅಚ್ಚು ಮಾಡಿತು. ಪಕ್ಷವು ಗೆದ್ದಿತೆಂದೇ ಎಲ್ಲರೂ ತಿಳಿದರು. ತಪ್ಪು ಹೊರಬಿದ್ದ ಮೇಲೆ ಶಾಸನಸಭೆಯ ಬಲಾಬಲವೇ ಬದಲಾಯಿತು. ಅಲ್ಲಿ ಅಂದಾಜು ಒಂದು ಪಕ್ಷವನ್ನು ಒಳಗೆ ಬಿಟ್ಟಿತ್ತು. ಬೇರೆ ಕಡೆ ಅದೇ ಅಂದಾಜು ಒಂದು ಶಾಲೆಯನ್ನು ಹೊರಗೆ ನಿಲ್ಲಿಸಬಹುದು. ಒಂಬತ್ತು ಮಕ್ಕಳಿರುವ ತರಗತಿಯನ್ನು ಹತ್ತೆಂದು ಬರೆಯಬಾರದು; ಅದು ಸುಳ್ಳು. ಆದರೆ ಆ ಒಂಬತ್ತನ್ನು ಸೊನ್ನೆಯೆಂದು ನಡೆಸಿಕೊಳ್ಳುವುದೂ ಸುಳ್ಳೇ, ಮತ್ತು ದೊಡ್ಡ ಸುಳ್ಳು. ಒಂಬತ್ತನ್ನು ಒಂಬತ್ತೆಂದೇ ಬರೆದು, ಒಂಬತ್ತಕ್ಕೆ ತಕ್ಕುದೇನೆಂದು ಕೇಳುವುದೇ ನ್ಯಾಯ. ಪೂರ್ಣ ಶಾಲೆಯಾಗದಿದ್ದರೆ ಒಂದು ತಾಸಿನ ಪಾಠವಾಗಲಿ, ಒಂದು ಕಪಾಟು ಪುಸ್ತಕವಾಗಲಿ. ಹೊಸ್ತಿಲಿನ ಒಳಗೆ ಎಲ್ಲವೂ, ಹೊರಗೆ ಏನೂ ಇಲ್ಲ ಎಂಬುದು ಆಡಳಿತದ ಸೌಕರ್ಯವೇ ಹೊರತು ನೀತಿಯಲ್ಲ.

ಹಾಗಾದರೆ ಎಲ್ಲವನ್ನೂ ಕಟ್ಟಕಡೆಯ ದಶಮಾಂಶದವರೆಗೆ ಅಳೆಯುವುದೇ ಧರ್ಮವೆ? ಅದೂ ಅಲ್ಲ. ಮೊಳದಲ್ಲಿ ಅಳೆದುದನ್ನು ನೂಲೆಳೆಯ ಲೆಕ್ಕದಲ್ಲಿ ಬರೆಯುವವನು ತನ್ನಲ್ಲಿಲ್ಲದ ಜ್ಞಾನವನ್ನು ಇದೆಯೆಂದು ತೋರಿಸುತ್ತಾನೆ. ಅಳುಕುತ್ತಾ ಹೇಳಿದ ಉತ್ತರಗಳನ್ನು ಕೂಡಿಸಿ ನೂರಕ್ಕೆ ಇಷ್ಟು ಬಿಂದು ಇಷ್ಟು ಎಂದು ಎರಡು ದಶಮಾಂಶದಲ್ಲಿ ಸಾರುವ ವರದಿಯು ‘ಸುಮಾರು’ ಎಂದು ಹೇಳುವ ಮುದುಕನ ಮಾತಿಗಿಂತ ಸತ್ಯಕ್ಕೆ ದೂರ. ಬಾಳಿನಲ್ಲಿಯೂ ಹಾಗೆಯೇ. ಸ್ನೇಹದಲ್ಲಿ ಪೈಸೆ ಪೈಸೆಯ ಲೆಕ್ಕವಿಡುವವನನ್ನು ಯಾರೂ ನ್ಯಾಯವಂತನೆನ್ನರು. ಅಳತೆ ಮುಗಿದ ಮೇಲೆ ಕೈತುಂಬ ಕೊಸರು ಹಾಕುವ ಪದ್ಧತಿ ನಮ್ಮ ಸಂತೆಗಳಲ್ಲಿ ಇತ್ತು, ಕೆಲವೆಡೆ ಈಗಲೂ ಇದೆ. ಕೊಸರೂ ಒಂದು ಬಗೆಯ ಅಂದಾಜೇ. ಆದರೆ ಅದು ಕೊಡುವವನ ಕೈಯಿಂದ ಕೊಳ್ಳುವವನ ಚೀಲಕ್ಕೆ ಇಳಿಯುತ್ತದೆ. ಅದೇ ವರ್ತಕನು ತಕ್ಕಡಿಯ ಮುಳ್ಳು ನೆಟ್ಟಗಾಗುವ ಮೊದಲೇ ಎತ್ತಿಬಿಟ್ಟರೆ ಅದು ಕಳವು. ಎರಡರಲ್ಲಿಯೂ ಬಿಟ್ಟ ತೂಕ ಒಂದೇ ಇರಬಹುದು, ದಿಕ್ಕು ಬೇರೆ. ಬಲವುಳ್ಳವನು ದುರ್ಬಲನ ಕಡೆಗೆ ಬಿಟ್ಟರೆ ಔದಾರ್ಯ, ತನ್ನ ಕಡೆಗೆ ಎಳೆದುಕೊಂಡರೆ ವಂಚನೆ.

ಉಮರಗಾಕ್ಕೆ ಸಮೀಪದ ಕಲ್ಯಾಣದಲ್ಲಿ ನಡೆದುದೆಂದು ಹೇಳುವ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆ ನಮ್ಮವರಿಗೆಲ್ಲ ಪರಿಚಿತ. ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳಿಸಿದಳು. ಒಂದು ಹಿಡಿ ಅಕ್ಕಿ ಯಾವ ಲೆಕ್ಕ ಎಂದು ಆಕೆ ಕೇಳಲಿಲ್ಲ. ತನ್ನದಲ್ಲದ ಶೇಷವನ್ನು ಮನೆಯೊಳಗೆ ಬಿಟ್ಟುಕೊಳ್ಳದಿರುವುದೇ ಆಕೆಯ ಗಣಿತ. ಬೇರೆಯವರಿಗೆ ಕೊಡುವಾಗ ಕೊಸರು, ತನಗೆ ಪಡೆಯುವಾಗ ಕರಾರುವಾಕ್ಕು: ಈ ಎರಡು ಕೂಡಿದರೆ ಅಂದಾಜಿನ ನೀತಿ ಪೂರ್ತಿಯಾಯಿತೆನ್ನಬಹುದು.

ಆದರೂ ಕೆಲವು ಎಣಿಕೆಗಳಲ್ಲಿ ಅಂದಾಜು ನಾಲಿಗೆಗೆ ಬಂದರೂ ಎದೆಗೆ ಇಳಿಯಬಾರದು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿರುವಾಗ, ನಮ್ಮ ಸೀಮೆಯ ನೆಲ ನಡುಗಿತು. ಔಸಾ ತಾಲೂಕಿನ ಕಿಲ್ಲಾರಿ, ಆಗ ಉಮರಗಾ ತಾಲೂಕಿನಲ್ಲಿದ್ದ ಸಾಸ್ತೂರ ಮೊದಲಾದ ಊರುಗಳು ಕಲ್ಲುಮಣ್ಣಿನ ಗುಡ್ಡೆಗಳಾದುವು. ದಪ್ಪ ಕಲ್ಲುಗೋಡೆಯ ಮಾಳಿಗೆಗಳು ಮಲಗಿದ್ದವರ ಮೇಲೆಯೇ ಕುಸಿದುವು. ಸತ್ತವರು ಕೆಲವು ವರದಿಗಳಲ್ಲಿ 7,928. ಮತ್ತೆ ಕೆಲವುಗಳಲ್ಲಿ 9,748. ಮಾತಿನಲ್ಲಿ ‘ಸುಮಾರು ಹತ್ತು ಸಾವಿರ’. ಎರಡು ವರದಿಗಳ ನಡುವೆಯೇ ಸಾವಿರದ ಎಂಟುನೂರಕ್ಕೂ ಹೆಚ್ಚು ಜೀವಗಳ ಅಂತರ. ಎರಡನೆಯದರಿಂದ ಹತ್ತು ಸಾವಿರಕ್ಕೆ ಏರುವಾಗ ನಾವು ಬಾಳಿಲ್ಲದ ಇನ್ನೂರೈವತ್ತೆರಡು ಜನರನ್ನು ಸಾಯಿಸುತ್ತೇವೆ. ಮೊದಲನೆಯದನ್ನು ‘ಎಂಟು ಸಾವಿರದೊಳಗೆ’ ಎಂದು ಆರಿಸಿಕೊಂಡು ನಡೆದುಬಿಟ್ಟರೆ ಸತ್ತಿದ್ದಿರಬಹುದಾದ ಎಷ್ಟೋ ಮಂದಿಯನ್ನು ಎಣಿಸದೆ ಬಿಡುತ್ತೇವೆ. ಅಕ್ಕಿಯ ಚೀಲ, ಡೇರೆ, ಔಷಧಿಗಳನ್ನು ಕಳಿಸುವವನಿಗೆ ಸಮೀಪದ ಸಾವಿರ ಸಾಕು. ಆ ಗಳಿಗೆಯಲ್ಲಿ ಕರಾರುವಾಕ್ಕಿಗಾಗಿ ಕಾಯುವವನೇ ನಿರ್ದಯಿ. ಆದರೆ ಅನುಕಂಪದ ಗಳಿಗೆ ಕಳೆದು ಸ್ಮರಣೆಯ ಕಾಲ ಬಂದಾಗ ಸಮೀಪದ ಸಾವಿರ ಸಾಲದು. ಬೇರೆಡೆಗೆ ಸಾಗಿಸಿ ಹೊಸದಾಗಿ ಕಟ್ಟಿದ 52 ಊರುಗಳಲ್ಲಿ ಬದುಕಿ ಉಳಿದವರಿಗೆ ಸತ್ತವರು ಸಂಖ್ಯೆಯಲ್ಲ. ಅಪ್ಪ, ಅವ್ವ, ತಂಗಿ. ಮನೆಯ ಲೆಕ್ಕದಲ್ಲಿ ಒಂದಕ್ಕಿಂತ ಕೆಳಗಿನ ಸ್ಥಾನವೇ ಇಲ್ಲ. ಅಲ್ಲಿ ಬಿಡತಕ್ಕ ಅಂಕಿಯೂ ಇಲ್ಲ.

ಕನ್ನಡದಲ್ಲಿ ಚಿಲ್ಲರೆ ಎಂಬ ಒಂದು ಮಾತುಂಟು. ರೂಪಾಯಿಗೆ ಸಾಲದ ನಾಣ್ಯಕ್ಕೂ ಅದೇ ಹೆಸರು, ಗಣನೆಗೆ ಬಾರದ ಮನುಷ್ಯನಿಗೂ ಅದೇ ಹೆಸರು. ನಾಣ್ಯದಲ್ಲಿ ಚಿಲ್ಲರೆ ಕಡಿಮೆಯಾಗುತ್ತಲೇ ಬಂದಿದೆ. 2011ರ ಜೂನ್ 30ರೊಡನೆ ನಾಲ್ಕಾಣೆಯೆಂದು ನಾವು ಕರೆಯುತ್ತಿದ್ದ 25 ಪೈಸೆಯ ಚಲಾವಣೆಯೂ ಮುಗಿಯಿತು. ಯಾರೂ ಅದಕ್ಕಾಗಿ ಅಳಬೇಕಾಗಿಲ್ಲ. ಆದರೆ ನಾಣ್ಯಕ್ಕೆ ಸಲ್ಲುವ ಈ ನಡವಳಿಕೆ ಮನುಷ್ಯರಿಗೆ ಸಲ್ಲದು. ಗಡಿಯ ಗೆರೆ ಎಲ್ಲಿಯಾದರೂ ಒಂದು ಕಡೆ ಹಾದುಹೋಗಲೇಬೇಕು. ಶಾಲೆಗೆ ಒಂದು ಸಂಖ್ಯೆ ಬೇಕೇಬೇಕು. ಪಟ್ಟಿಗೆ ಒಂದು ಕೊನೆ ಇರಲೇಬೇಕು. ಭಾಗಾಕಾರ ಮಾಡುವವರ ಮೇಲೆ ನಮ್ಮ ದೂರಿಲ್ಲ. ನಾವು ಕೇಳುವುದು ಇಷ್ಟೇ: ಭಾಗಲಬ್ಧವನ್ನು ಬರೆದ ಮೇಲೆ ಶೇಷವನ್ನೂ ಪಕ್ಕದಲ್ಲಿ ಬರೆಯಿರಿ.

ಈ ಕೇಳಿಕೆಯು ಪರರಿಗೆ ಮಾತ್ರವಲ್ಲ. ಸಂಘಸಂಸ್ಥೆಗಳ ವರದಿಗಳಲ್ಲಿ ಅರವತ್ತು ಜನರ ಸಭೆ ‘ನೂರಾರು ಅಭಿಮಾನಿಗಳ ಸಮಾರಂಭ’ವಾಗುವುದು ಅಪರೂಪವಲ್ಲ. ಗಡಿನಾಡಿನ ಕನ್ನಡಸಂಘಗಳು ಲೆಕ್ಕವನ್ನು ಉಬ್ಬಿಸುವುದರಿಂದ ಬಲಗೊಳ್ಳುವುದಿಲ್ಲ. ಊರೂರಿನಲ್ಲಿ ಕನ್ನಡ ಓದಬಲ್ಲ ಮಕ್ಕಳೆಷ್ಟು, ಓದಲು ಬಾರದಿದ್ದರೂ ಮನೆಯಲ್ಲಿ ಕನ್ನಡವನ್ನೇ ಆಡುವವರೆಷ್ಟು, ಎರಡು ನುಡಿಗಳ ನಡುವೆ ಅರ್ಧರ್ಧವಾಗಿ ನಿಂತವರೆಷ್ಟು ಎಂದು ಏರಿಸದೆ ಇಳಿಸದೆ ಬರೆದಿಟ್ಟರೆ ಅದಕ್ಕಿಂತ ದೊಡ್ಡ ಸೇವೆ ಬೇರೆ ಬೇಕಾಗಿಲ್ಲ. ಹದಿನೇಳಿದ್ದರೆ ಹದಿನೇಳೆಂದು ಬರೆಯೋಣ. ಇಪ್ಪತ್ತೆನ್ನುವುದು ಬೇಡ, ಹದಿನೈದೆನ್ನುವುದೂ ಬೇಡ. ಸಮೀಪದ ಹತ್ತಕ್ಕೆ ತರುವವರು ಮುಂದೆ ಎಷ್ಟೋ ಜನ ಬರುತ್ತಾರೆ. ಹದಿನೇಳನೆಯವನ ಹೆಸರನ್ನು ಬಲ್ಲವರು ಊರಿನಲ್ಲಿರುವ ನಾವು ಮಾತ್ರ.